ಅಜ್ಜಿಯ ಹಲ್ಲುಸೆಟ್ಟು ಮಂಕಾಗುವುದೇಕೆ?

ದಿನಾ ಟೂತ್‌ಪೇಸ್ಟ್ ಹಾಕಿ ಉಜ್ಜಿದರೂ ಅಜ್ಜಿಯ ಹಲ್ಲುಸೆಟ್ಟು ಮಂಕಾಗಿ, ವಾಸನೆ ಬರುವುದೇಕೆ? (ಓದುಗರು, ನೋಯ್ಡಾ)

ಆ ಪೇಸ್ಟೇ ಮುಖ್ಯ ಕಾರಣ. ಹಲ್ಲಿನ ಎನಾಮಲ್‌ಗಿಂತ ಸೆಟ್ಟಿನ ಅಕ್ರಿಲಿಕ್ ಪ್ಲಾಸ್ಟಿಕ್ ಬಹಳ ಮೆದು. ಪೇಸ್ಟಿನ ಉಜ್ಜುಪುಡಿ ಅದರ ಮೇಲೆ ಸಣ್ಣ ಗೀರುಗಳನ್ನು ಎಳೆಯುತ್ತದೆ. ಗೀರುಬಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾರಿನ ಅರಿಶಿನ ಕೂರುವಂತೆ, ಅಲ್ಲಿ ಚಹಾದ ಕಲೆಯೂ ಕ್ಯಾಂಡಿಡಾ ಶಿಲೀಂಧ್ರವೂ ನೆಲೆಯೂರುತ್ತವೆ. ನೋಯ್ಡಾದ ಬೋರ್‌ವೆಲ್ಲಿನ ಗಡಸು ನೀರು ಬಿಳಿ ಪದರವನ್ನೂ ಸೇರಿಸುತ್ತದೆ.

ವಸ್ತುವಿನ ಗುಣವೂ ಇದೆ. 1930ರ ದಶಕದಲ್ಲಿ ಗಟ್ಟಿ ರಬ್ಬರಿನ ಜಾಗಕ್ಕೆ ಬಂದ ಅಕ್ರಿಲಿಕ್ಕನ್ನು ಬಿಸಿಯಲ್ಲಿ ಬೇಯಿಸಿದರೆ ರಂಧ್ರ ಕಡಿಮೆ. ರಿಪೇರಿಗೆ ಬಳಸುವ, ತಣ್ಣಗೇ ಗಟ್ಟಿಯಾಗುವ ಬಗೆ ಬೇಗ ಬಣ್ಣ ಹೀರುತ್ತದೆ.

ಮೃದು ಬ್ರಷ್, ಸೌಮ್ಯ ಸೋಪುದ್ರವ ಸಾಕು. ರಾತ್ರಿ ತಣ್ಣೀರಲ್ಲಿ ಮುಳುಗಿಸಿಡಬೇಕು. ದೆಹಲಿಯ ಚಳಿಗೆ ಕುದಿನೀರು ಸುರಿಯುವುದು ಬೇಡವೇ ಬೇಡ, ಸೆಟ್ಟು ಸೊಟ್ಟಗಾಗುತ್ತದೆ. ಗಾಢ ಬ್ಲೀಚ್ ಸೆಟ್ಟಿನ ಗುಲಾಬಿ ಒಸಡನ್ನೇ ಬಿಳಿಚಿಸುತ್ತದೆ.