ಶೇಂಗಾ ಅಳೆಯುವ ಸೇರು, ತೂಗುವ ಸೇರು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಮದುವೆ, ಜಾತ್ರೆ, ದಾಸೋಹಗಳಿಗೆ ಶೇಂಗಾ ಹೋಳಿಗೆಯನ್ನೂ ಚಟ್ನಿಯನ್ನೂ ಮಾಡಿಸುವುದು ವಾಡಿಕೆ. ಅಡಿಗೆಯವರು "ಹತ್ತು ಸೇರು ಶೇಂಗಾ" ಎಂದು ಯಾದಿ ಬರೆಸುತ್ತಾರೆ. ಯಜಮಾನರು ಪೇಟೆಯಲ್ಲಿ ಕಿಲೋ ಲೆಕ್ಕದಿಂದ ಕೊಳ್ಳುತ್ತಾರೆ. ಈ ಎರಡು ಲೆಕ್ಕಗಳು ಒಂದೇ ಎಂದು ಭಾವಿಸಿದವರ ಮನೆಯಲ್ಲಿ ಹೂರಣ ಕೆಡುತ್ತದೆ, ಇಲ್ಲವೆ ಹಣ ಹೋಗುತ್ತದೆ.

ಈ ಗೊಂದಲಕ್ಕೆ ಹಿಂದಿನ ಕಾರಣವೂ ಉಂಟು. 1948ರ ವರೆಗೆ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿಯೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿಯೂ ಇದ್ದವು. ಗದಗ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಸೇರಿನ ಪಾತ್ರೆ ಎಲ್ಲೆಡೆಯಲ್ಲಿಯೂ ಒಂದೇ ಗಾತ್ರದ್ದಾಗಿರಲಿಲ್ಲ. 1956ರ ಕಾನೂನಿನ ಮೇರೆಗೆ 1958ರ ಅಕ್ಟೋಬರದಿಂದ ಕಿಲೋ ತೂಕ ಹಂತ ಹಂತವಾಗಿ ಜಾರಿಗೆ ಬಂದರೂ ಅಡಿಗೆಮನೆಯ ಮಾತಿನಲ್ಲಿ ಸೇರು ಉಳಿದೇ ಇದೆ.

80 ತೊಲೆಯ ತೂಕದ ಸೇರು 933 ಗ್ರಾಂ. ಆ ಪ್ರಕಾರ ಹತ್ತು ಸೇರೆಂದರೆ 9 ಕಿಲೋ 330 ಗ್ರಾಂ. ಅದೇ ಹತ್ತು ಸೇರನ್ನು ಲೀಟರು ಹಿಡಿಯುವ ಪಾತ್ರೆಯಿಂದ ಅಳೆದರೆ ಸುಲಿದ ಕಾಳು ಸುಮಾರು 6 ಕಿಲೋ ಮಾತ್ರ ಆಗುತ್ತದೆ. ಸುಲಿಯದ ಕಾಯಿಯನ್ನು ಅಳೆದರಂತೂ ಕಾಯಿಗಳ ನಡುವೆ ಗಾಳಿಯೇ ಹೆಚ್ಚು. ಹತ್ತು ಪಾತ್ರೆಗೆ ಎರಡೂವರೆಯಿಂದ ಮೂರು ಕಿಲೋ ಕಾಯಿ. ಅದನ್ನು ಸುಲಿದಾಗ ನೂರಕ್ಕೆ 70ರ ಸುಮಾರು ಕಾಳು ಬರುವುದರಿಂದ ಕೈಗೆ ಸಿಗುವುದು ಎರಡು ಕಿಲೋದಷ್ಟು, ಅಂದರೆ ಮೂರು ಪಾತ್ರೆ ಕಾಳು. ಮಾತು ಒಂದೇ, ಮಾಲು ಮೂರು ಬಗೆ!

ಬೆಲ್ಲವನ್ನು ಯಾವಾಗಲೂ ತೂಗಿಯೇ ತರುತ್ತಾರೆಂಬುದನ್ನು ಇಲ್ಲಿ ಮರೆಯಕೂಡದು. ಹತ್ತು ಸೇರು ಶೇಂಗಾಕ್ಕೆ ಸಮ ಬೆಲ್ಲವೆಂದು 9 ಕಿಲೋ ತಂದು, ಶೇಂಗಾ 6 ಕಿಲೋ ಮಾತ್ರ ಇದ್ದರೆ ಹೂರಣ ಸಡಿಲಾಗಿ ಹೋಳಿಗೆ ಹಂಚಿನ ಮೇಲೆ ಒಡೆಯುತ್ತದೆ. ಬೈಗುಳ ಮಾತ್ರ ಅಡಿಗೆಯವರಿಗೆ.

ಪರಿಹಾರ ಸುಲಭವಾದುದು. ಮನೆಯ ಸೇರಿನ ಪಾತ್ರೆಯಲ್ಲಿ ಕಾಳನ್ನು ಅದುಮದೆ ತುಂಬಿ, ಬಾಯಿಯ ಮೇಲೆ ನೆಟ್ಟನೆಯ ಕೋಲನ್ನು ಎಳೆದು ಸಮಮಾಡಿ ತೂಗತಕ್ಕದ್ದು. ರಾಶಿ ಏರಿಸಿ ಅಳೆಯುವ ಪದ್ಧತಿ ಉದಾರವಾಗಿ ತೋರಿದರೂ ಲೆಕ್ಕಕ್ಕೆ ಒದಗದು. ಏರಿದ ರಾಶಿ ಅಳೆಯುವವನ ಕೈಗೆ ತಕ್ಕಂತೆ ಬದಲಾಗುತ್ತದೆ. ಮೂರು ಸಲ ತೂಗಿ ಸರಾಸರಿ ತೆಗೆದರೆ ಸಾಕು. ಕಾಳಿನ ದಪ್ಪ ಬೇರೆಯಾದರೆ ತೂಕವೂ ತುಸು ಬದಲಾಗುವುದರಿಂದ, ಹಳೆಯ ಟಿ.ಎಂ.ವಿ. 2 ತಳಿಯ ಕಾಳಿಗೆ ತೆಗೆದ ಲೆಕ್ಕವನ್ನು ದಪ್ಪ ಕಾಳಿನ ತಳಿಗೆ ಹಾಗೆಯೇ ಹಚ್ಚಬಾರದು.

ಹುರಿದು ಸಿಪ್ಪೆ ತೆಗೆದ ಕಾಳು ತೂಕದಲ್ಲಿ ನೂರಕ್ಕೆ ಐದಾರು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇಳಿಯುತ್ತದೆ. ಕಣದಿಂದ ನೇರವಾಗಿ ತಂದ ಹಸಿ ಕಾಯಿ ಇನ್ನೂ ಬಹಳ ಇಳಿಯುವುದು. ಅದನ್ನು ಚೆನ್ನಾಗಿ ಒಣಗಿಸಿದ ಮೇಲೆಯೇ ತೂಗಿ ಕೊಳ್ಳುವುದು ಲೇಸು. ಕುಟ್ಟಿದ ಪುಡಿಯನ್ನು ಪಾತ್ರೆಯಿಂದ ಅಳೆಯುವುದು ಸರ್ವಥಾ ಬೇಡ, ಒತ್ತಿದಷ್ಟೂ ಅದು ಹಿಡಿಯುತ್ತದೆ. ತೂಗಿ ಸಿಕ್ಕ ಅಂಕಿಯನ್ನು ಪಾತ್ರೆಯ ತಳಕ್ಕೆ ಬಣ್ಣದಿಂದ ಬರೆದಿಟ್ಟು, ಯಾದಿ ಬರೆಸುವಾಗ ಆ ಪಾತ್ರೆಯನ್ನೇ ಅಡಿಗೆಯವರ ಮುಂದೆ ಇಡತಕ್ಕದ್ದು.