ಹಳೆಯ ಗಣಕಕ್ಕೆ ಲಿನಕ್ಸ್: ಪೆನ್‌ಡ್ರೈವ್ ಸಿದ್ಧಪಡಿಸುವ ಬಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಇಲ್ಲದ ಹಳೆಯ ಗಣಕಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗೆಂದು ಸಿಂಧನೂರು, ಮಸ್ಕಿ, ಲಿಂಗಸುಗೂರಿನಂತಹ ಊರುಗಳ ಡಿಟಿಪಿ ಅಂಗಡಿಗಳವರು, ವಿದ್ಯಾರ್ಥಿಗಳು ಅವುಗಳನ್ನು ಗುಜರಿಗೆ ಹಾಕಬೇಕಾಗಿಲ್ಲ. ಲಿನಕ್ಸ್ ಉಚಿತ, ಅದನ್ನು ಅಳವಡಿಸಲು 8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು.

4 ಜಿಬಿ ರ‍್ಯಾಮ್ ಇರುವ 64 ಬಿಟ್ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾದ ಆಯ್ಕೆ. ಅಧಿಕೃತ ತಾಣದಿಂದ ಇಳಿಸಿಕೊಳ್ಳಬೇಕಾದ ಐಎಸ್‌ಒ ಕಡತದ ಗಾತ್ರ ಸುಮಾರು 3 ಜಿಬಿ. ಸಂಪರ್ಕ ನಡುವೆ ಕಡಿದರೆ ಕಡತ ಕೆಡಬಹುದು. ಆದ್ದರಿಂದ ತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಸಂಕೇತವನ್ನು, ವಿಂಡೋಸ್‌ನ ಸರ್ಟ್‌ಯುಟಿಲ್ ಆದೇಶ ತೋರಿಸುವ ಸಂಕೇತದೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು.

ಬಹುತೇಕರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಐಎಸ್‌ಒ ಕಡತವನ್ನು ಹಾಡಿನಂತೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಗಣಕ ಅದರಿಂದ ಆರಂಭವಾಗದು. ಆ ಕಡತದೊಳಗಿನ ಆರಂಭಿಕ ವ್ಯವಸ್ಥೆ ಪೆನ್‌ಡ್ರೈವ್‌ನಲ್ಲಿ ಬಿಡಿಯಾಗಿ ಬರೆಯಲ್ಪಡಬೇಕು. ರೂಫಸ್ ಅಥವಾ ಎಚರ್ ತಂತ್ರಾಂಶ ಈ ಕೆಲಸ ಮಾಡುತ್ತದೆ. ಆಗ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲವೂ ಅಳಿಸಿಹೋಗುತ್ತದೆ. ಒಮ್ಮೆ ಸಿದ್ಧವಾದರೆ ಅದನ್ನು ಎಷ್ಟು ಗಣಕಗಳಿಗೆ ಬೇಕಾದರೂ ಬಳಸಬಹುದು. ಸಿಂಧನೂರಿನಲ್ಲಿ ಬರೆದದ್ದು ಲಿಂಗಸುಗೂರಿನಲ್ಲೂ ನಡೆಯುತ್ತದೆ.

ಪೆನ್‌ಡ್ರೈವ್ ಚುಚ್ಚಿ ಗಣಕವನ್ನು ಮತ್ತೆ ಆರಂಭಿಸುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿ (ಕಂಪನಿಗೊಂದು ಕೀಲಿ!) ಯುಎಸ್‌ಬಿಯನ್ನು ಆರಿಸಬೇಕು. ಮಿಂಟ್ ಹಾರ್ಡ್‌ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ತೆರೆದುಕೊಳ್ಳುತ್ತದೆ. ವೈಫೈ, ಧ್ವನಿ, ಮುಖ್ಯವಾಗಿ ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ಆಗಲೇ ಪರೀಕ್ಷಿಸಿಕೊಳ್ಳಬೇಕು. ಅಳವಡಿಸುವಾಗ 'ಡಿಸ್ಕ್ ಅಳಿಸಿ' ಎಂಬರ್ಥದ ಆಯ್ಕೆ ಒತ್ತಿದರೆ ವಿಂಡೋಸ್ ಜೊತೆಗೆ ಫೋಟೊ, ಲೆಕ್ಕಪತ್ರಗಳೂ ಹೋಗುತ್ತವೆ. ಬೇರೆಡೆ ಪ್ರತಿ ಇಟ್ಟುಕೊಳ್ಳದೆ ಅದರತ್ತ ಕೈ ಹಾಕಬಾರದು.

ಕನ್ನಡದ ಕೆಲಸ ಮಾಡುವವರಿಗೆ ಇನ್ನೊಂದು ತೊಡಕಿದೆ. ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಉಂಟು. ಆದರೆ ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ತೆಗೆಯುವ ಮೊದಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ. ಪೇಜ್‌ಮೇಕರ್‌ಗಂತೂ ಲಿನಕ್ಸ್ ಆವೃತ್ತಿಯೇ ಇಲ್ಲ. ಅದನ್ನೇ ನೆಚ್ಚಿಕೊಂಡ ಅಂಗಡಿಯವರು ವಿಂಡೋಸ್ ಉಳಿಸಿಕೊಂಡು, ಅಂತರ್ಜಾಲದ ಕೆಲಸಕ್ಕೆ ಅದರ ಪಕ್ಕದಲ್ಲಿ ಲಿನಕ್ಸ್ ಹಾಕಿಕೊಳ್ಳುವುದೇ ಮೇಲು.