ಕೃಷ್ಣೆಯ ನೆರೆ ಮತ್ತು ಮಹಿಳೆಯ ಕೈಗೆ ಸಿಗದ ಮೊಬೈಲ್

2019ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣಾ ನದಿ 45 ಅಡಿಯ ಅಪಾಯದ ಮಟ್ಟವನ್ನು ದಾಟಿ 57 ಅಡಿಗಳವರೆಗೆ ಏರಿತು. 2005ರಲ್ಲಿ ಕಂಡಿದ್ದ, 2021ರಲ್ಲಿ ಮತ್ತೆ ಮರುಕಳಿಸಿದ ಇಂಥ ನೆರೆಯಲ್ಲಿ ನೀರು ಇಳಿದ ಮೇಲೆಯೇ ರೋಗಗಳ ಕಾಲ ಆರಂಭವಾಗುತ್ತದೆ. ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಕೆಸರು ತುಂಬಿದ ಮನೆಯನ್ನು ಬರಿಗಾಲಲ್ಲಿ ತೊಳೆಯುವವರಿಗೆ, ಅಂದರೆ ಬಹುಪಾಲು ಹೆಂಗಸರಿಗೆ, ಸುಲಭವಾಗಿ ತಗಲಬಲ್ಲದು.

ಇಂಥ ಹೊತ್ತಿನಲ್ಲಿ ನೆರವಾಗಬಲ್ಲ ಡಿಜಿಟಲ್ ಆರೋಗ್ಯ ಸಾಕ್ಷರತೆಯೆಂದರೆ ಮೊಬೈಲ್ ಬಳಸಲು ಬರುವುದಷ್ಟೇ ಅಲ್ಲ. ಆರೋಗ್ಯದ ಮಾಹಿತಿಯನ್ನು ಹುಡುಕಿ, ನಿಜ ಯಾವುದು ವದಂತಿ ಯಾವುದು ಎಂದು ಅಳೆದು, ಅದರಂತೆ ನಡೆಯಬಲ್ಲ ಸಾಮರ್ಥ್ಯವೂ ಅದರಲ್ಲಿ ಸೇರಿದೆ. ಮಿಷನರಿ ವೈದ್ಯ ವಾನ್ಲೆಸ್ ಸ್ಥಾಪಿಸಿದ ಆಸ್ಪತ್ರೆಯ ಕಾಲದಿಂದ ವೈದ್ಯಕೀಯಕ್ಕೆ ಹೆಸರಾದ, ಗಡಿಯಾಚೆಯ ಕನ್ನಡಿಗರೂ ಚಿಕಿತ್ಸೆಗೆ ಬರುವ ಮಿರಜ್‌ನಂಥ ಊರು ಹತ್ತಿರದಲ್ಲೇ ಇದ್ದರೂ, ರಸ್ತೆಗಳು ಮುಳುಗಿದ ದಿನ ಗರ್ಭಿಣಿಗೆ ಅದು ದೂರವೇ. ಆಗ ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಸರ್ಕಾರದ ಇ-ಸಂಜೀವಿನಿ ಸೇವೆ ನೆರವಾಗಬಲ್ಲದು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಂಟರ್ನೆಟ್ ಬಳಸಿದ್ದ ಮಹಿಳೆಯರು ಶೇ. 33, ಪುರುಷರು ಶೇ. 57. ಮನೆಗೊಂದೇ ಫೋನಿದ್ದು ಅದು ಗಂಡಸಿನ ಜೇಬಿನಲ್ಲಿದ್ದರೆ, ಎಚ್ಚರಿಕೆಯ ಸಂದೇಶ ಅಡುಗೆಮನೆಯನ್ನು ತಲುಪುವುದಿಲ್ಲ.

ಭಾಷೆಯ ತೊಡಕು ಇನ್ನೂ ಗಂಭೀರವಾದುದು. ಸಾಂಗ್ಲಿ ಜಿಲ್ಲೆಯದೇ ಆದ ಬರಪೀಡಿತ ಜತ್ತ ತಾಲ್ಲೂಕಿನಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಮಹಿಳೆಗೆ ಬಿಸಿಲಾಘಾತದ ಲಕ್ಷಣಗಳು ಮರಾಠಿಯಲ್ಲಷ್ಟೇ ಬಂದರೆ, ಅವನ್ನು ಅವಳ ಮಾತಿನಲ್ಲಿ ಬಿಡಿಸಿ ಹೇಳಬಲ್ಲ ಆಶಾ ಕಾರ್ಯಕರ್ತೆಯೇ ಯಾವ ಆ್ಯಪ್‌ಗಿಂತಲೂ ಹೆಚ್ಚು ಉಪಯುಕ್ತಳು.